ನಲವತ್ತೊಂದನೆಯ ಪಾಯಿಂಟ್

ವೈರಿಂಗಿನ ಸೂಗಪ್ಪ ಮನೆಯನ್ನೆಲ್ಲ ಸುತ್ತಿ, ಇದ್ದ ಪಾಯಿಂಟು, ಹೊಸದಾಗಿ ಬೇಕಾದ ಪಾಯಿಂಟು ಎಲ್ಲ ಎಣಿಸಿದಾಗ ನಲವತ್ತೊಂದು ಬಂತು. ಜಯತೀರ್ಥರು ಎಣಿಸಿದಾಗ ನಲವತ್ತು. ಇಬ್ಬರೂ ಮತ್ತೆ ಪಡಸಾಲೆಯಿಂದ ಶುರು ಮಾಡಿ ನಡುಮನೆ, ಅಡುಗೆಮನೆ, ದೇವರಮನೆ, ಬಚ್ಚಲು, ಮಾಳಿಗೆ ಎಂದು ಬೆರಳು ಮಡಚುತ್ತ ಹೋದರು. ಮತ್ತೆ ಸೂಗಪ್ಪನದು ನಲವತ್ತೊಂದು, ಜಯತೀರ್ಥರದು ನಲವತ್ತು.

ಅವರ ಹಿಂದೆಯೇ ನಡೆದಿದ್ದ ಧನಶ್ರೀಗೆ ಆ ಒಂದು ಎಲ್ಲಿ ಜಾರುತ್ತಿದೆಯೆಂದು ಗೊತ್ತಿತ್ತು. ಅಜ್ಜಿಯ ಕೋಣೆಯ ಬಾಗಿಲ ಹಿಂದೆ, ಬಾಗಿಲು ತೆರೆದರೆ ಮುಚ್ಚಿಹೋಗುವ ಜಾಗದಲ್ಲಿ, ಒಂದು ಕರಿಯ ದುಂಡು ಸ್ವಿಚ್ಚಿತ್ತು. ಅಪ್ಪ ಅದನ್ನು ಯಾವತ್ತೂ ಲೆಕ್ಕಕ್ಕೆ ಹಿಡಿದವರಲ್ಲ. ಅದನ್ನು ಹಾಕಿದರೆ ಮನೆಯಲ್ಲಿ ಎಲ್ಲಿಯೂ ಏನೂ ಹೊತ್ತುತ್ತಿರಲಿಲ್ಲ.

"ಇದು ಯಾತರದ್ರಿ ಸಾಹೇಬ್ರ?" ಸೂಗಪ್ಪ ಬಾಗಿಲು ಸರಿಸಿ ಕೇಳಿದ.

"ಅದು ಸತ್ತದ್ದಪಾ, ಬಿಡು."

ಸೂಗಪ್ಪ ಬಿಡುವವನಲ್ಲ. ದುಂಡು ಮುಚ್ಚಳ ತಿರುಗಿಸಿ ತೆಗೆದು ಟೆಸ್ಟರ್ ತಾಗಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಸಾಸಿವೆಯಷ್ಟು ಕೆಂಡ ಮೂಡಿತು. ಸ್ವಿಚ್ಚು ಹಾಕಿ ಆಚೆಯ ತಂತಿಗೆ ತಾಗಿಸಿದ. ಅಲ್ಲಿಯೂ ಮೂಡಿತು.

"ಸತ್ತಿಲ್ರಿ. ಜೀವಂತ ಐತಿ. ಇಲ್ಲಿಂದ ಹೋಗಾಕತ್ತೈತಿ. ಎಲ್ಲಿಗೆ ಹೋಗತೈತಿ ಅನ್ನೋದು ಮಾತ್ರ ಕಾಣವಲ್ದು."

ಹದಿನೇಳು ವರ್ಷದಿಂದ ಧನಶ್ರೀ ಕೇಳುತ್ತ ಬಂದಿದ್ದ ಪ್ರಶ್ನೆಯೂ ಅದೇ ಆಗಿತ್ತು.

ಆ ಮನೆ ಕಾಚಿಗುಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಕಟ್ಟಿಸಿದವರು ಹಣಮಂತರಾಯರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಜೀವನವೆಲ್ಲ ಕೆಲಸ ಮಾಡಿದವರು. ಅವರಿಗೂ ಅವರ ಹೆಂಡತಿ ಗೋದಾಬಾಯಿಗೂ ಮಕ್ಕಳಿರಲಿಲ್ಲ. ರಾಯರು ತೀರಿಕೊಂಡ ಮೇಲೆ, ಗೋದಾಬಾಯಿಯ ಅಕ್ಕನ ಮಗ ಜಯತೀರ್ಥರಿಗೆ ಮಹಬೂಬ್‌ನಗರದಿಂದ ಹೈದರಾಬಾದಿಗೆ ವರ್ಗವಾಯಿತು. "ಬಾಡಿಗಿ ಮನಿ ಯಾಕ, ನಾ ಒಬ್ಬಾಕಿನೇ ಅದೀನಿ" ಎಂದು ಗೋದಾಬಾಯಿ ಕರೆದರು. ಜಯತೀರ್ಥರು ಹೆಂಡತಿ ಉಮಾಬಾಯಿಯನ್ನೂ ಆರು ವರ್ಷದ ಧನಶ್ರೀಯನ್ನೂ ಕರೆದುಕೊಂಡು ಬಂದವರು ಅಲ್ಲಿಯೇ ಉಳಿದರು. ಅವರಿಗೆ ಆಕೆ ಮೌಶಿ. ಧನಶ್ರೀಗೆ ಅಜ್ಜಿ.

ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದ ಹುಡುಗಿ ಅವಳು. ದಿನಾ ಬೆಳಗಿನ ಐದಕ್ಕೆ, ಅಜ್ಜಿ ಮಿಂದು ಮಡಿಸೀರೆ ಉಟ್ಟುಕೊಂಡ ಕೂಡಲೇ, ಬಾಗಿಲ ಹಿಂದೆ 'ಟಕ್' ಎನ್ನುತ್ತಿತ್ತು. ಪೂಜೆ ಮುಗಿದ ಮೇಲೆ ಮತ್ತೊಂದು 'ಟಕ್'. ಎರಡು ಟಕ್ಕುಗಳ ನಡುವೆ ಎಲ್ಲಿ ಬೆಳಕಾಗುತ್ತದೆ ಎಂದು ಧನಶ್ರೀ ಹೊದಿಕೆಯೊಳಗಿಂದಲೇ ಯೋಚಿಸುತ್ತಿದ್ದಳು.

"ಅಜ್ಜಿ, ಅದು ಎಲ್ಲಿ ಹತ್ತತದ?"

ಅಜ್ಜಿ ಒಮ್ಮೆ ಹೇಳಿದ್ದು: ಏಳು ಗೋಡೆ ದಾಟಿದರೆ ಒಬ್ಬ ರಾಜಕುಮಾರಿ ಇದ್ದಾಳೆ. ತನ್ನ ಮನೆಯ ದೀಪ ತಾನು ಹಚ್ಚಬಾರದೆಂದು ಅವಳಿಗೆ ಶಾಪ. ಬೇರೆಯವರು ಹಚ್ಚಿಕೊಟ್ಟ ಬೆಳಕಿನಲ್ಲಿ ಕೂತು ಉದ್ದನ್ನ ಜಡೆ ಹೆಣೆದುಕೊಳ್ಳುತ್ತಾಳೆ. ಇನ್ನೊಮ್ಮೆ ಕೇಳಿದಾಗ ಅದು ಬಾವಿಯೊಳಗಿನ ನಾಗರಾಜನ ಮನೆಯ ದೀಪವಾಗಿತ್ತು. ಅಜ್ಜಿಯ ಮನಸ್ಸು ಕೆಟ್ಟಿದ್ದ ದಿನ ರಾಜಕುಮಾರಿಯೂ ಇಲ್ಲ, ನಾಗರಾಜನೂ ಇಲ್ಲ. "ಅಲ್ಲೊಬ್ಬಾಕಿ ರಕ್ಕಸಿ ಇದ್ದಾಳ. ಕಿವಿ ಮಂದ. ಕೋಳಿ ಕೂಗಿದ್ರ ಕೇಳಂಗಿಲ್ಲ. ಉಪಕಾರ ಮಾಡಿದವರನ್ನ ನೆನಸಂಗಿಲ್ಲ. ಅಕಿಗೆ ಎಚ್ಚರಾಗಲಿ ಅಂತ ಹಾಕ್ತೀನಿ, ಮಲಕೋ."

ದೊಡ್ಡವಳಾದ ಮೇಲೆ ಧನಶ್ರೀ ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಮಕ್ಕಳ ಅರ್ಜಿ ತುಂಬಿಸಿಕೊಳ್ಳುವ ಕೆಲಸಕ್ಕೆ ಸೇರಿದಳು. ಮೆಟ್ರೋದಲ್ಲಿ ಹೋಗಿ ಮೆಟ್ರೋದಲ್ಲಿ ಬರುತ್ತಿದ್ದಳು. ಆದರೂ ಹಿತ್ತಲಿಗೆ ಹೋದಾಗಲೆಲ್ಲ ಅವಳ ಕಣ್ಣು ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ ಹರಿಯುತ್ತಿತ್ತು. ಮಧುಮಾಲತಿಯ ಬಳ್ಳಿಯ ಹಿಂದೆ, ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿನಷ್ಟು ಜಾಗದ ಗಿಲಾವಿಗೆ ಬೇರೆಯೇ ಬಣ್ಣ. ಅದರ ಆಚೆ ಇನ್ನೊಂದು ಮನೆಯ ಬೆನ್ನು. ಆ ಮನೆಯ ಮುಖ ಆಚೆಯ ಓಣಿಗೆ. ಅಲ್ಲಿಗೆ ಹೋಗಬೇಕೆಂದರೆ ಮೇನ್ ರೋಡಿಗೆ ಬಂದು ಇಡೀ ಸುತ್ತು ಹಾಕಬೇಕು. ಅಲ್ಲಿ ಯಾರಿದ್ದಾರೆಂದು ಇವರಿಗೆ ಗೊತ್ತಿರಲಿಲ್ಲ.

ಈಗ ಇಷ್ಟೆಲ್ಲ ಎಣಿಕೆ ಶುರುವಾದದ್ದು ಒಂದು ಕಿಡಿಯಿಂದ. ನಡುಮನೆಯ ಫ್ಯಾನಿನ ಸ್ವಿಚ್ಚು ಹಾಕಿದಾಗ ನೀಲಿ ಕಿಡಿ ಹಾರಿ, ಸುಟ್ಟ ರಬ್ಬರಿನ ವಾಸನೆ ಎರಡು ದಿನ ಮನೆಯಲ್ಲಿ ನಿಂತಿತು. ಯಾರೋ ಸೂಗಪ್ಪನ ನಂಬರ್ ಕೊಟ್ಟರು. ಬಂದ ದಿನ ಜಯತೀರ್ಥರು ತೆಲುಗಿನಲ್ಲಿ ಕೇಳಿದರು, ಅವನು ಹಿಂದಿಯಲ್ಲಿ ಹೇಳಿದ. ಅರ್ಧ ತಾಸು ಹೀಗೇ ನಡೆದು, ಏಣಿ ಜಾರಿ ಅವನು "ಯವ್ವಾ" ಎಂದಾಗ ಗುಟ್ಟು ಬಯಲಾಯಿತು. ಅವನು ಸೇಡಂ ಕಡೆಯವನು. ಮಾತು ಒಂದೇ ಆಯಿತೆಂದು ರೇಟೇನೂ ಇಳಿಯಲಿಲ್ಲ. ಚಹಾ ಮಾತ್ರ ಎರಡು ಸಲ ಬಂತು.

ಗೋಡೆಯ ಮೇಲೆ ಓಡುವ ಮರದ ಪಟ್ಟಿಯ ಮುಚ್ಚಳ ಕಿತ್ತು ಅವನು ತೋರಿಸಿದ. ಒಳಗಿನ ತಂತಿಯ ಹೊದಿಕೆ ಮುಟ್ಟಿದರೆ ಉದುರುತ್ತಿತ್ತು.

"ಇದು ವೈರ್ ಅಲ್ರಿ ಸಾಹೇಬ್ರ, ವಿಭೂತಿ. ಹಣಿಗೆ ಹಚ್ಚಿಕೊಳ್ಳಬಹುದು, ಕರೆಂಟ್ ಹರಿಸಬಾರದು."

ಸೂಗಪ್ಪನ ಲೆಕ್ಕ ಪಾಯಿಂಟಿನ ಲೆಕ್ಕ. ಒಂದು ಸ್ವಿಚ್ಚು, ಅದು ನಡೆಸುವ ಒಂದು ದೀಪವೋ ಫ್ಯಾನೋ ಸೇರಿದರೆ ಒಂದು ಪಾಯಿಂಟು. ಪ್ಲಗ್ಗಿನದು ಬೇರೆ ಪಾಯಿಂಟು. ಸಾಮಾನು, ಕೂಲಿ ಎಲ್ಲ ಸೇರಿ ಪಾಯಿಂಟಿಗೆ ಹದಿನೆಂಟುನೂರು. ನಲವತ್ತೊಂದಕ್ಕೆ ಎಪ್ಪತ್ಮೂರು ಸಾವಿರದ ಎಂಟುನೂರು. ಹೊಸ ಮೇನ್ ಬೋರ್ಡು, ಮೀಟರಿನಿಂದ ದಪ್ಪ ತಂತಿ, ಅರ್ಥಿಂಗಿಗೆ ಹಿತ್ತಲಲ್ಲಿ ಗುಂಡಿ ಎಂದು ಮೂವತ್ತೆಂಟು ಸಾವಿರ. ಗೋಡೆ ಕೊರೆದದ್ದನ್ನು ಮತ್ತೆ ಗಿಲಾವು ಮಾಡಿ ಬಣ್ಣ ಬಳಿಯುವುದಕ್ಕೆ ಮೂವತ್ತಾರು. ಜಯತೀರ್ಥರು ಕೂಡಿಸಿ ನೋಡಿದರು. ಒಂದು ಲಕ್ಷ ನಲವತ್ತೇಳು ಸಾವಿರದ ಎಂಟುನೂರು. ಬ್ಯಾಂಕಿನಲ್ಲಿ ಈ ಕೆಲಸಕ್ಕೆಂದು ಎತ್ತಿಟ್ಟದ್ದು ಒಂದು ಲಕ್ಷ ಮೂವತ್ತೈದು ಸಾವಿರ. ಅದರ ಮೇಲೆ ಒಂದು ಪೈಸೆ ಇಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಅವರ ಮಾತು ಸರಕಾರಿ ಆದೇಶವಿದ್ದಂತೆ, ತಿದ್ದುಪಡಿ ಇರುತ್ತಿರಲಿಲ್ಲ.

"ಏಳು ಪಾಯಿಂಟ್ ತಗೀರಿ. ಮ್ಯಾಲಿನ ಇನ್ನೂರು ನಾ ಬಿಡತೀನಿ," ಎಂದ ಸೂಗಪ್ಪ.

ಅಂದು ಸಂಜೆ ಜಯತೀರ್ಥರು ನಡುಮನೆಯಲ್ಲಿ ಪಟ್ಟಿ ಹಿಡಿದು ಕೂತರು. ಅಜ್ಜಿ ಮಂಚದ ಮೇಲೆ ಕೂತು ಅಂಗೈಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಅಟ್ಟದ ದೀಪ ಹೋಯಿತು. ಗೇಟಿನ ಎರಡನೆಯ ದೀಪ ಹೋಯಿತು. ಪಡಸಾಲೆಯಲ್ಲಿ ಗೋಡೆಗೆ ಹಾಕಬೇಕೆಂದಿದ್ದ ಅಂದದ ದೀಪ ಹೋಯಿತು. ಬಚ್ಚಲ ಹೊರಗಿನದು, ಉಗ್ರಾಣದ್ದು ಹೋದವು. ಉಮಾಬಾಯಿ ಅಡುಗೆಮನೆಯಿಂದಲೇ, "ನನ್ನ ಎರಡನೇ ಪ್ಲಗ್ ತಗೀರಿ. ಮಿಕ್ಸರ್ ಕಿತ್ತು ಗ್ರೈಂಡರ್ ಹಚ್ಚತೀನಿ, ಗ್ರೈಂಡರ್ ಕಿತ್ತು ಮಿಕ್ಸರ್ ಹಚ್ಚತೀನಿ. ಇಷ್ಟು ವರ್ಷ ಮತ್ತೇನು ಮಾಡ್ಲಿಕ್ಕತ್ತಿದ್ದೆ," ಎಂದಳು.

ಆರಾಯಿತು. ಏಳನೆಯದಕ್ಕೆ ಬಂದಾಗ ಜಯತೀರ್ಥರು ಕನ್ನಡಕದ ಮೇಲಿನಿಂದ ಮಗಳನ್ನು ನೋಡಿದರು. ಮಾಳಿಗೆಯ ಕಿಟಕಿಯ ಪಕ್ಕ ಓದುವ ದೀಪ ಎಂದು ಪಟ್ಟಿಯಲ್ಲಿತ್ತು. ಆ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಒಂದು ಕಣ್ಣು ಪುಸ್ತಕದಲ್ಲಿ ಒಂದು ಕಣ್ಣು ಸ್ಟೇಷನ್ನಿನಲ್ಲಿ ಇಟ್ಟು ಓದುವುದೆಂದರೆ ಧನಶ್ರೀಗೆ ಪ್ರಾಣ. ಆರು ಗಂಟೆಯಾದರೆ ಅಕ್ಷರ ಕಾಣುತ್ತಿರಲಿಲ್ಲ. ಅಲ್ಲಿಗೊಂದು ದೀಪ ಎಂದು ಅವಳು ಮೂರು ವರ್ಷದಿಂದ ಕೇಳಿದ್ದಳು.

"ಅದಲ್ಲ ಅಪ್ಪ," ಅವಳು ಬೇಗ ಬೇಗ ಹೇಳಿದಳು. "ಬಾಗಿಲ ಹಿಂದಿನ ಸ್ವಿಚ್ ತಗೀರಿ. ಏನೂ ಹತ್ತಲಾರದ್ದಕ್ಕ ಹದಿನೆಂಟುನೂರು ಯಾಕ?"

ಅಂಗೈಯಲ್ಲಿ ತಿರುಗುತ್ತಿದ್ದ ಹೂಬತ್ತಿ ನಿಂತಿತು.

"ಅದೂ ಖರೇನ. ಹಿತ್ತಲದಾಗ ಮೊದಲು ಬಚ್ಚಲ ಇತ್ತಂತ, ಅದರದಿರಬೇಕು," ಎಂದು ಜಯತೀರ್ಥರು ಮೌಶಿಯ ಕಡೆ ನೋಡಿದರು. "ಹೌದಲ್ಲ ಮೌಶಿ? ತಗದರ ನಡೀತದಲ್ಲ?"

ಗೋದಾಬಾಯಿ ಬೇಡುವವರಲ್ಲ. ತಮ್ಮದೇ ಮನೆಯಲ್ಲಿ ಒಂದು ಲೋಟ ನೀರನ್ನೂ ತಾವೇ ಎದ್ದು ತೆಗೆದುಕೊಂಡವರು. "ತಗೀರಿ," ಎಂದರು. "ರೊಕ್ಕ ಕೊಡೋವ್ರು ನೀವು. ನಂದೇನದ." ಮತ್ತೆ ಬತ್ತಿ ಹೊಸೆಯತೊಡಗಿದರು. ಆದರೆ ಆಮೇಲಿನ ಬತ್ತಿಗಳೆಲ್ಲ ಸೊಟ್ಟಗಾದವು. ಧನಶ್ರೀ ಅದನ್ನು ನೋಡಿದಳು. ನೋಡಿಯೂ ದೀಪ ಸಿಕ್ಕ ಸಂತೋಷದಲ್ಲಿ ಮಾಳಿಗೆ ಹತ್ತಿ ಹೋದಳು.

ಮಲಗುವ ಹೊತ್ತಿಗೆ ಮನಸ್ಸು ತಡೆಯದೆ ಕೇಳಿದಳು, "ಅಜ್ಜಿ, ಕಥಿ ಬ್ಯಾಡ, ಖರೇ ಹೇಳು. ಆ ವೈರ್ ಎಲ್ಲಿಗೆ ಹೋಗ್ತದ?"

"ಹೇಳೀನಲ್ಲ."

"ಒಂದೊಂದು ಸಲ ಒಂದೊಂದು ಹೇಳೀದಿ."

"ಅದರಾಗ ನಿನಗ ಸೇರಿದ್ದೊಂದು ಇಟಗೋ," ಎಂದು ಅಜ್ಜಿ ಗೋಡೆಯ ಕಡೆ ಹೊರಳಿದರು.

ಸೋಮವಾರ ಕೆಲಸ ಹಿಡಿಯಿತು. ಜಯತೀರ್ಥರು ಸೂಗಪ್ಪನ ಜೊತೆ ಟ್ರೂಪ್ ಬಜಾರಿಗೆ ಹೋಗಿ, ಅವನ ಲೆಕ್ಕದಲ್ಲೇ ನಾಲ್ಕು ಅಂಗಡಿ ಹತ್ತಿಳಿದು ತಂತಿಯ ಸುರುಳಿಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಗೋಡೆ ಕೊರೆಯುವ ಯಂತ್ರದ ಸದ್ದಿಗೆ ಇಡೀ ಓಣಿಯ ಪಾರಿವಾಳ ಎದ್ದು ಹೋದವು. ದೇವರಮನೆಗೆ ಧೂಳು ಬರಬಾರದೆಂದು ಉಮಾಬಾಯಿ ಬೇಗಂ ಬಜಾರಿನಿಂದ ತಂದ ಪ್ಲಾಸ್ಟಿಕ್ ಹಾಳೆಯನ್ನು ಬಾಗಿಲಿಗೆ ಕಟ್ಟಿದಳು. ಅಜ್ಜಿ ಅದರೊಳಗೆ ಮೀನಿನಂತೆ ಮಸುಕು ಮಸುಕಾಗಿ ಓಡಾಡಿದರು. ಸೂಗಪ್ಪ ಮೊದಲು ಬಿಚ್ಚಿದ್ದು ಅಜ್ಜಿಯ ಕೋಣೆಯದನ್ನೇ.

ಮಂಗಳವಾರ ಬೆಳಿಗ್ಗೆ ಐದಕ್ಕೆ ಧನಶ್ರೀಗೆ ಎಚ್ಚರವಾಯಿತು. ಸದ್ದಾಗಿ ಅಲ್ಲ, ಆಗಬೇಕಾದ ಸದ್ದು ಆಗದೆ. ಕಣ್ಣು ತೆರೆದರೆ, ಮಡಿಸೀರೆಯ ಅಜ್ಜಿ ಬಾಗಿಲ ಹಿಂದೆ ನಿಂತಿದ್ದರು. ಸ್ವಿಚ್ಚಿದ್ದ ಜಾಗದಲ್ಲಿ ಮುಷ್ಟಿಗಾತ್ರದ ತೂತು. ಅಜ್ಜಿಯ ಬೆರಳು ಅದರ ಮುಂದೆ ಗಾಳಿಯಲ್ಲಿ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೈ ಇಳಿಸಿ ದೇವರಮನೆಗೆ ಹೋದರು.

ಬುಧವಾರ ಅಜ್ಜಿ ಎರಡು ಸಲ ಪಡಸಾಲೆಗೆ ಬಂದು ಗೇಟಿನ ಕಡೆ ನೋಡಿದರು. "ಯಾರರ ಬಂದಿದ್ರೇನು?"

"ಯಾರು ಬರಬೇಕಾಗಿತ್ತು ಅಜ್ಜಿ?"

"ಯಾರೂ ಇಲ್ಲ."

ಧನಶ್ರೀಗೆ ಆಗ ಒಂದು ಮಾತು ನೆನಪಾಯಿತು. ಹೋದ ಆಷಾಢದಲ್ಲಿ ಅಜ್ಜಿಗೆ ಜ್ವರ ಬಂದು, ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಮೂರನೆಯ ದಿನ ಗೇಟಿಗೆ ಯಾರೋ ಒಂದು ಚೀಲ ತೂಗುಹಾಕಿ ಹೋಗಿದ್ದರು. ಚೀಲದಲ್ಲಿ ಎರಡು ಎಳನೀರು. ಮಠದವರಿರಬೇಕು ಎಂದಿದ್ದಳು ಅಮ್ಮ. ಅಜ್ಜಿ ಮಾತ್ರ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಎಳನೀರು ಕುಡಿಯಲೂ ಇಲ್ಲ, ಬೇರೆಯವರಿಗೆ ಕುಡಿಯಲೂ ಬಿಡದೆ, ಮಂಚದ ಕೆಳಗೆ ಇಟ್ಟುಕೊಂಡಿದ್ದರು. ಜ್ವರ, ಸ್ವಿಚ್ಚು, ಚೀಲ. ಮೂರನ್ನೂ ಒಂದರ ಪಕ್ಕ ಒಂದು ಇಟ್ಟಳು ಧನಶ್ರೀ. ಅವುಗಳ ನಡುವೆ ಯಾವುದೋ ತಂತಿ ಇದೆಯೆನಿಸಿತು. ಎಲ್ಲಿಂದ ಎಲ್ಲಿಗೆ ಎಂದು ಕಾಣಲಿಲ್ಲ.

ಗುರುವಾರ ಹತ್ತರ ಸುಮಾರಿಗೆ, ಯಂತ್ರ ಒಂದು ಗಳಿಗೆ ನಿಂತಾಗ, ಗೇಟಿನ ಮೇಲೆ ಯಾರೋ ಕೋಲಿನಿಂದ ಬಡಿದರು. ಆ ದಿನ ಧನಶ್ರೀಗೆ ರಜೆ. ಹೋಗಿ ನೋಡಿದಳು. ಸ್ಕೂಟರಿನ ಮೇಲೆ ಒಬ್ಬ ತರುಣ ಕೂತಿದ್ದ. ಗೇಟಿಗೆ ಒರಗಿ ಒಬ್ಬ ಮುದುಕಿ ನಿಂತಿದ್ದಳು. ಹಣೆಯಲ್ಲಿ ವಿಭೂತಿ, ಬೆನ್ನ ಮೇಲೆ ಸೊಂಟದವರೆಗೆ ಬಂದ ನೂಲಿನಷ್ಟು ತೆಳ್ಳಗಿನ ಬಿಳಿಯ ಜಡೆ. ಮುದುಕಿ ಧನಶ್ರೀಯನ್ನು ನೋಡಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಗಿಲಾವಿನ ಚೂರು, ಕಿತ್ತ ಮರದ ಪಟ್ಟಿಗಳನ್ನೇ ನೋಡಿದಳು.

"ಗೋದಾಬಾಯಿ ಯಾವತ್ತು ಹೋದಳು?" ಎಂದು ಕೇಳಿದಳು.

ಧನಶ್ರೀ ಗೇಟಿನ ಚಿಲಕಕ್ಕೆ ಕೈ ಹಾಕಿದಳು. "ಎಲ್ಲಿಗ್ರಿ?"

"ಎಲ್ಲಿಗಂದ್ರ? ಮ್ಯಾಲಕ್ಕ. ಮೂರು ದಿನಾತು ದೀಪ ಇಲ್ಲ. ಜ್ವರ ಇರಬೇಕು ಅಂದ್ಕೊಂಡೆ. ಆದ್ರ ಗ್ವಾಡಿ ಒಡಿಯೋ ಸಪ್ಪಳ ನಿಲ್ಲವಲ್ದು. ಅಕಿ ಹೋದಳು, ಹಿಂದ ಉಳದವರು ಮನಿ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಾಕತ್ತಾರ ಅಂತ ತಿಳಿದೆ. ನನಗೊಂದು ಮಾತು ಹೇಳಿ ಕಳಸಬಾರದೇನವಾ ನೀವು?"

ಪಡಸಾಲೆಯ ಒಳಗಿನಿಂದ ಅಜ್ಜಿಯ ದನಿ ಬಂತು. "ಸತ್ತಿಲ್ಲಂತ ಹೇಳು ಅಕಿಗೆ."

"ಕೇಳಿಸ್ತು," ಎಂದಳು ಮುದುಕಿ. "ನಾನೇನ್ ಅಷ್ಟು ಕಿವುಡಿ ಅಲ್ಲ ಅಂತ ನೀನೂ ಹೇಳವಾ."

ಐದು ಹೆಜ್ಜೆಯ ದೂರದಲ್ಲಿದ್ದ ಇಬ್ಬರೂ ಧನಶ್ರೀಯ ಮೂಲಕವೇ ಮಾತಾಡಿದರು. ಒಳಗೆ ಬಾ ಎಂದು ಹೇಳು ಎಂದರು ಅಜ್ಜಿ. ಬಂದು ಕೂತರೆ ಏಳಲಾಗುವುದಿಲ್ಲ, ಕಟ್ಟೆ ಸಾಕು ಎಂದು ಹೇಳು ಎಂದಳು ಮುದುಕಿ. ಪಡಸಾಲೆಯ ಕಟ್ಟೆಯ ಒಂದು ತುದಿಗೆ ಅವಳು ಕೂತಳು. ಮಡಿಯಲ್ಲಿದ್ದ ಅಜ್ಜಿ ಹೊರಗೆ ಬಂದು ಹೊಸ್ತಿಲಲ್ಲಿ ಕೂತರು. ನಡುವೆ ಎರಡು ಮಾರು. ಯಾರೂ ಅಳೆಯಲಿಲ್ಲ. ಎಷ್ಟು ದೂರ ಕೂತರೆ ಮಡಿಗೆ ತಗಲುವುದಿಲ್ಲ ಎನ್ನುವುದು ಆ ಇಬ್ಬರಿಗೂ ಇನ್ನೂ ನೆನಪಿತ್ತು.

ಅವಳ ಹೆಸರು ಶಿವಗಂಗಾ. ಹಿಂದಿನ ಮನೆಯವಳು. ಸ್ಕೂಟರಿನ ಮೇಲಿದ್ದವನು ಮೊಮ್ಮಗ ಆಶಿಷ್.

ಕಥೆ ಚೂರು ಚೂರಾಗಿ, ಅರ್ಧ ಇವರ ಬಾಯಿಂದ ಅರ್ಧ ಅವರ ಬಾಯಿಂದ, ಜಗಳವಾಡುತ್ತಲೇ ಹೊರಗೆ ಬಿತ್ತು. ಗೋದಾಬಾಯಿಗೆ ದೇವರ ಪೂಜೆಗೆ, ಅಡುಗೆಗೆ ನಳದ ನೀರು ನಡೆಯುತ್ತಿರಲಿಲ್ಲ. ಬಾವಿಯ ನೀರೇ ಬೇಕು. ಬಾವಿ ಇದ್ದದ್ದು ಶಿವಗಂಗಾಳ ಹಿತ್ತಲಲ್ಲಿ. ಅದಕ್ಕೆಂದೇ ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿಟ್ಟುಕೊಂಡಿದ್ದರು. ಆದರೆ ಮಡಿಯಲ್ಲಿ ಬರುವ ಗೋದಾಬಾಯಿಗೆ ಶಿವಗಂಗಾಳ ಮನೆಯ ಏಳು ಮಕ್ಕಳಲ್ಲಿ ಒಂದಾದರೂ ದಾರಿಯಲ್ಲಿ ಅಡ್ಡ ಬಂದು ಮುಟ್ಟುತ್ತಿತ್ತು. ತಿರುಗಿ ಹೋಗಿ ಮತ್ತೆ ಸ್ನಾನ. ಒಂದು ಚಳಿಗಾಲದಲ್ಲಿ ಒಂದೇ ಬೆಳಿಗ್ಗೆ ಮೂರು ಸಲ ಮಿಂದರು. ಆಗ ಹಣಮಂತರಾಯರು ತಮಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದರು. ಹೆಂಡತಿಯ ಕೋಣೆಯಲ್ಲಿ ಒಂದು ಸ್ವಿಚ್ಚು, ಅಲ್ಲಿಂದ ಗೋಡೆಯಾಚೆ ತಂತಿ, ಶಿವಗಂಗಾಳ ಅಡುಗೆಮನೆಯ ಕಿಟಕಿಯ ಮೇಲೆ ಒಂದು ಕೆಂಪು ಬಲ್ಬು. ಬಲ್ಬು ಹೊತ್ತಿತೆಂದರೆ ಗೋದಾಬಾಯಿ ಮಡಿಯುಟ್ಟು ಹೊರಟರೆಂದು ಅರ್ಥ. ಅದು ಆರುವವರೆಗೆ ಯಾರೂ ಅಂಗಳಕ್ಕೆ ಇಳಿಯಬಾರದು.

"ಸಿಗ್ನಲ್ ಬಿತ್ತು ಅಂತಿದ್ವಿ ನಾವು," ಎಂದಳು ಶಿವಗಂಗಾ. "ಇಕಿ ಗಾಡಿ ದಾಟಿ ಹೋಗೋತನ ನನ್ನ ಮಕ್ಕಳು ಮನ್ಯಾಗ ಕಳ್ಳರಂಗ ಕುಂತಿರಬೇಕು. ಸಾಲಿಗೆ ಹೊತ್ತಾದ್ರೂ ಅಷ್ಟ."

"ದೀಪಾವಳಿಗೆ ಏಳೂ ಮಕ್ಕಳಿಗೆ ಉಂಡಿ ಕಟ್ಟಿ ಕಳಸತಿದ್ದೆ, ಅದನ್ನ ಹೇಳಂಗಿಲ್ಲ ಅಕಿ."

"ಹ್ಞೂಂ, ಕಳಸತಿದ್ದಳು. ಕಲ್ಲಿನಂಥವು."

"ಅಂಥಾ ಬಾವಿ, ಒಂದಿನ ಮುಂಜಾನೆ ಕೊಡ ಹಿಡಕೊಂಡು ಹೋದರ ಅದರ ಮ್ಯಾಲ ಕಲ್ಲಿನ ಹಲಗಿ," ಅಜ್ಜಿ ಧನಶ್ರೀಯ ಕಡೆ ತಿರುಗಿದರು. "ಹಿಂದಿನ ದಿನ ಒಂದು ಮಾತು ಹೇಳಲಿಲ್ಲ ನನಗ. ಗೌಂಡಿಯವರು ನಿಂತು ನೋಡ್ಲಿಕ್ಕತ್ತಿದ್ರು. ಖಾಲಿ ಕೊಡ ತಗೊಂಡು ತಿರುಗಿ ಬಂದೆ."

"ಈ ಆಶಿಷ್ ಮೂರು ವರ್ಷದವ ಇದ್ದ. ಬಗ್ಗಿ ನೋಡಿದ್ದ ಬಾವ್ಯಾಗ. ಒಂದು ಕಾಲು ಒಳಗಿತ್ತು. ಹೇಳಾಕ ಎಲ್ಲಿತ್ತು ಪುರಸೊತ್ತು? ನಿನ್ನ ಮಡಿ ಸಲುವಾಗಿ ನನ್ನ ಮೊಮ್ಮಗ ಬೀಳಬೇಕಿತ್ತೇನು ಅಂದೆ. ಅಂದಿದ್ದು ಖರೇ."

ಅಂದಿದ್ದು ಖರೆ. ಅಂದ ಮೇಲೆ ಗೋಡೆಯ ಬಾಗಿಲಿಗೆ ಇಟ್ಟಿಗೆ ಬಿತ್ತು. ಗೋದಾಬಾಯಿ ನಳದ ನೀರಿಗೇ ತುಳಸಿ ಹಾಕಿ ಮಡಿ ಎಂದುಕೊಂಡರು. ಹದಿನೆಂಟು ವರ್ಷ ಇಬ್ಬರೂ ಮಾತಾಡಲಿಲ್ಲ.

"ಮತ್ತ ಸ್ವಿಚ್ ಯಾಕ ಹಾಕತಿದ್ದಿ ಅಜ್ಜಿ?" ಎಂದಳು ಧನಶ್ರೀ.

ಅಜ್ಜಿ ಸೆರಗು ಸರಿಮಾಡಿಕೊಂಡರು. "ನಾ ಇನ್ನೂ ಅದೀನಿ, ಮಡೀನೂ ಬಿಟ್ಟಿಲ್ಲ, ಅಂತ ಅಕಿಗೆ ಗೊತ್ತಾಗಲಿ ಅಂತ. ಹತ್ತತಿತ್ತೋ ಇಲ್ಲೋ ನನಗೇನು ಕಾಣತದ?"

"ಹತ್ತತಿತ್ತು," ಎಂದಳು ಶಿವಗಂಗಾ. "ಹನ್ನೊಂದು ಬಲ್ಬ್ ಬದಲಿ ಮಾಡೀನಿ."

ಒಳಗೆ ಸೂಗಪ್ಪ ಯಂತ್ರವನ್ನು ಕೆಳಗಿಟ್ಟ.

"ಯಾಕ ಮಾಡಿದಿ?" ಎಂದರು ಅಜ್ಜಿ. ಅಷ್ಟೂ ಮಾತಿನಲ್ಲಿ ನೇರ ಆಕೆಗೇ ಕೇಳಿದ್ದು ಅದೊಂದನ್ನೇ.

"ಐದಕ್ಕ ಏಳಬೇಕಲ್ಲ ನಾನೂ. ಗಡಿಯಾರ ಅಂತ ಇಟ್ಟಕೊಂಡಿದ್ದೆ." ಶಿವಗಂಗಾ ಕೋಲು ಊರಿ ಎದ್ದಳು. "ಎಳನೀರು ಕುಡದೇನು?"

"ಇಲ್ಲ."

"ಗೊತ್ತಿತ್ತು."

ರಾಜಕುಮಾರಿಯೂ ರಕ್ಕಸಿಯೂ ಒಬ್ಬಳೇ ಎಂದು ಧನಶ್ರೀಗೆ ಆಗ ಹೊಳೆಯಿತು. ಜಡೆ ಇದ್ದದ್ದು ನಿಜ. ಕಿವಿ ಮಂದವೂ ನಿಜ. ಅಜ್ಜಿಯ ಸಿಟ್ಟು ಇಳಿದಿದ್ದ ದಿನ ಒಂದು, ಏರಿದ್ದ ದಿನ ಇನ್ನೊಂದು. ಸ್ಕೂಟರು ಓಣಿಯ ತಿರುವಿನಲ್ಲಿ ಮರೆಯಾದ ಮೇಲೂ ಅಜ್ಜಿ ಹೊಸ್ತಿಲಲ್ಲೇ ಕೂತಿದ್ದರು. ಅವರ ಬೆರಳುಗಳು ಇಲ್ಲದ ಬತ್ತಿಯನ್ನು ಹೊಸೆಯುತ್ತಿದ್ದವು.

ಏನೂ ಹತ್ತಲಾರದ್ದಕ್ಕ ಹದಿನೆಂಟುನೂರು ಯಾಕ ಎಂದು ಕೇಳಿದವಳು ತಾನೇ ಎನ್ನುವುದು ಧನಶ್ರೀಗೆ ನೆನಪಾಯಿತು. ಅವಳು ನೇರ ಸೂಗಪ್ಪನ ಹತ್ತಿರ ಹೋದಳು.

"ಆ ವೈರ್ ಮತ್ತ ಹಾಕಲಿಕ್ಕೆ ಬರತದೇನು?"

"ಹಂಗ ಬರಂಗಿಲ್ರಿ ಅಕ್ಕಾರ. ಮೀಟರ್ ನಿಮ್ದು, ಬಲ್ಬ್ ಅವರ ಮನ್ಯಾಗ. ಒಂದು ಮೀಟರಿನ ಕರೆಂಟ್ ಇನ್ನೊಬ್ಬರ ಮನಿಗೆ ಕೊಡಾಂಗಿಲ್ಲ. ಹಿರಿಯರು ಕೊಟ್ಟಿದ್ರು, ಅವರ ಕಾಲ ಬ್ಯಾರೆ. ಗ್ವಾಡ್ಯಾಗಿನ ಆ ವೈರ್ ನೀವು ನೋಡಿದ್ರ ಹೆದರತೀರಿ. ಮಳಿಗಾಲದಾಗ ಯಾರರ ಮುಟ್ಟಿದ್ದರ ಕಥಿನೇ ಮುಗೀತಿತ್ತು." ತಲೆ ಕೆರೆದುಕೊಂಡು ಹಿತ್ತಲಿಗೆ ಹೋದ. ಗೋಡೆಯನ್ನೂ ಅದರಾಚೆಯ ಕಿಟಕಿಯನ್ನೂ ಮೂಗಿನ ನೇರಕ್ಕೆ ಅಳೆದ. "ನಮ್ಮ ಗ್ವಾಡಿ ಮ್ಯಾಲನ ಒಂದು ಪೈಪ್ ನಿಲ್ಲಿಸಿ, ಎತ್ತರದಾಗ ಬಲ್ಬ್ ಹಾಕಿದ್ರ ಅವರ ಕಿಟಕಿಗೆ ಕಾಣತೈತಿ. ಹಳೇ ಪೈಪ್ ನನ್ನ ಹತ್ರ ಐತಿ. ಒಂದು ಪಾಯಿಂಟ್ ಅಂತ ಹಿಡೀತೀನಿ, ಹೆಚ್ಚಿಗಿ ಬ್ಯಾಡ."

ಜಯತೀರ್ಥರು ಪಟ್ಟಿ ತಂದು ನೋಡಿದರು. ಅವರ ಮುಖದಲ್ಲಿ ಒಪ್ಪಿಗೆಯೂ ಇತ್ತು, ಅಂಕಿಯೂ ಇತ್ತು. "ಹಾಕಬಾರದಂತ ನಾ ಅನ್ನಂಗಿಲ್ಲ. ಮೌಶಿ ಮೊದಲ ಬಾಯಿಬಿಟ್ಟು ಹೇಳಿದ್ದರ ಮಾತು ಬ್ಯಾರೆ. ಈಗ ಒಂದು ಬರಬೇಕಾದ್ರ ಒಂದು ಹೋಗಬೇಕು."

"ನನ್ನ ಕಿಟಕೀದು ತಗೀರಿ."

"ಅಲ್ಲಿ ಗ್ವಾಡಿ ಕೊರದಾಗೈತ್ರಿ ಅಕ್ಕಾರ," ಎಂದ ಸೂಗಪ್ಪ.

"ಮುಚ್ಚರಿ."

ಜಯತೀರ್ಥರು ಮಗಳ ಮುಖವನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳ ತೆಗೆದರು. ಒಂದು ಹೊಡೆದುಹಾಕಿ ಇನ್ನೊಂದು ಬರೆದರು. ಹೊಸ ಸಾಲಿನಲ್ಲಿ ಏನೆಂದು ಬರೆಯಬೇಕೆಂದು ಸ್ವಲ್ಪ ಹೊತ್ತು ತಿಳಿಯದೆ, ಕೊನೆಗೆ 'ಮೌಶಿ' ಎಂದಷ್ಟೇ ಬರೆದರು.

ಮುಂದಿನ ಬುಧವಾರ ಕೆಲಸ ಮುಗಿಯಿತು. ಹೊಸ ಬಿಳಿಯ ಸ್ವಿಚ್ಚುಗಳು ನುಣ್ಣಗೆ ಗೋಡೆಗೆ ಅಂಟಿಕೊಂಡವು. ಮಾಳಿಗೆಯ ಕಿಟಕಿಯ ಪಕ್ಕದಲ್ಲಿ ಗಿಲಾವಿನ ಒಂದು ಗೆರೆ ಉಳಿಯಿತು, ಬೇರೆಯೇ ಬಣ್ಣದ್ದು. ಧನಶ್ರೀ ಅದರ ಮೇಲೆ ಒಮ್ಮೆ ಬೆರಳು ಎಳೆದು, ಆರು ಗಂಟೆಗೆ ಪುಸ್ತಕ ಮುಚ್ಚಿ ಕೆಳಗೆ ಬಂದಳು.

ಗುರುವಾರ ಬೆಳಿಗ್ಗೆ ಐದಕ್ಕೆ ಅಜ್ಜಿ ಮಡಿಯುಟ್ಟು ಬಾಗಿಲ ಹಿಂದೆ ಹೋದರು. ಹೊಸ ಸ್ವಿಚ್ಚಿಗೆ ಸದ್ದಿರಲಿಲ್ಲ. ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಮೂರು ಸಲ ಒತ್ತಿದರು. ಆಮೇಲೆ ದೇವರಮನೆಗೆ ಹೋಗುವ ಬದಲು ಹಿತ್ತಲ ಬಾಗಿಲು ತೆಗೆದರು. ಧನಶ್ರೀ ಹಿಂದೆಯೇ ಹೋದಳು. ಮಧುಮಾಲತಿಯ ಮೇಲೆ, ಪೈಪಿನ ತುದಿಯಲ್ಲಿ, ಸೂಗಪ್ಪ ಹಾಕಿದ್ದ ಎಲ್‌ಇಡಿ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಅಜ್ಜಿ ಕತ್ತೆತ್ತಿ ನೋಡಿದರು. ಹದಿನೆಂಟು ವರ್ಷದಲ್ಲಿ ಅವರು ಹಚ್ಚಿದ ದೀಪ ಅವರಿಗೆ ಕಂಡದ್ದು ಅಂದೇ.

"ಇಷ್ಟು ಬೆಳಕು ಬೀಳತದೇನು," ಎಂದರು.

"ಅಜ್ಜಿ, ಇಷ್ಟು ವರ್ಷ ಖರೇದು ಯಾಕ ಹೇಳಲಿಲ್ಲ ನನಗ?"

"ಖರೇದು ಭಾಳ ಸಣ್ಣದಿತ್ತು. ಒಂದು ಬಾವಿ, ಒಂದು ಮಾತು. ಅದನ್ನ ಹೇಳಿದ್ರ ನೀ ನಿದ್ದಿ ಮಾಡತಿದ್ದೇನು?"

ಮಧ್ಯಾಹ್ನ ಊಟವಾಗಿ ಅಜ್ಜಿ ಮಡಿ ಬಿಟ್ಟು ಮಂಚದ ಮೇಲೆ ಕೂತಿದ್ದಾಗ ಗೇಟಿನಲ್ಲಿ ಸ್ಕೂಟರು ನಿಂತಿತು. ಆಶಿಷ್ ಒಳಗೆ ಬರದೆ ಪಡಸಾಲೆಯ ಮೆಟ್ಟಿಲ ಮೇಲೆಯೇ ನಿಂತ. ತನಗೆ ಕೊಟ್ಟ ಮಾತನ್ನು ಬಾಯಿಪಾಠ ಮಾಡಿದವನಂತೆ ಒಪ್ಪಿಸಿದ.

"ನಮ್ಮಜ್ಜಿ ಹೇಳ್ಯಾಳ್ರಿ, ಆ ಬಿಳೇ ಲೈಟ್ ಕಣ್ಣಾಗ ಹೊಡಿಯಾಕತ್ತೈತಿ ಅಂತ. ಕಳ್ಳರಿಗೆ ಹಾಕಿದಂಗ ಹಾಕ್ಯಾರ ಅಂತ. ಇದನ್ನ ಹಾಕಬೇಕಂತ್ರಿ." ಕಿಸೆಯಿಂದ ಒಂದು ಸಣ್ಣ ಡಬ್ಬಿ ತೆಗೆದು ಕೊಟ್ಟ. ಮೂಲೆಗಳು ಸವೆದ, ಅಡುಗೆಮನೆಯ ಹೊಗೆ ಹಿಡಿದ ರಟ್ಟಿನ ಡಬ್ಬಿ. "ಹನ್ನೆರಡನೇದು ಅಂತ್ರಿ. ತಂದಿಟ್ಟಿದ್ದಳು."

ಧನಶ್ರೀ ಡಬ್ಬಿ ಬಿಚ್ಚಿದಳು. ನೆಲ್ಲಿಕಾಯಿಗಿಂತ ತುಸು ದೊಡ್ಡದಾದ ಕೆಂಪು ಬಲ್ಬು. ಅಜ್ಜಿ ಕೈ ಚಾಚಿದರು. ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಅಲುಗಿಸಿ, ಒಳಗಿನ ಎಳೆ ಹರಿದ ಸದ್ದು ಬರುತ್ತದೇನೋ ಎಂದು ಕಣ್ಣು ಮುಚ್ಚಿ ಕೇಳಿದರು.

"ಛಲೋ ಅದ," ಎಂದರು. "ಸೂಗಪ್ಪಗ ಫೋನ್ ಹಚ್ಚು. ಮತ್ತ ಅಕಿಗೆ ಹೇಳು, ಉಂಡಿ ಈ ಸಲ ಮೆತ್ತಗ ಕಟ್ಟತೀನಂತ. ಹಲ್ಲು ಅಕಿಗೂ ಇರಲಿಕ್ಕಿಲ್ಲ."